ದೋಸ್ತಾ, ಎಣ್ಣಿ ರಾತ್ರಿಗಿರಲಿ

ಕಲಬುರಗಿ

ದೋಸ್ತಾ,

ಮುಂದಿನ ವಾರ ನಿನ್ನ ಹೊಸ ಕೃತಕ ಕಾಲು ಬರ್ತದ ಅಂತ ತಂಗಿ ಫೋನಿನ್ಯಾಗ ಹೇಳಿದಳು. ಕಡಿದ ಕಾಲಿನ ಮೋಟಿಗೆ ತಿಕ್ಕಲಿಕ್ಕೆ ಆಯುರ್ವೇದ ವೈದ್ಯರು ಕ್ಷೀರಬಲಾ ತೈಲ ಕೊಟ್ಟಾರಂತಲ್ಲ. ಹಚ್ಚು, ಬ್ಯಾಡ ಅನ್ನಂಗಿಲ್ಲ. ಯಾವಾಗ ಹಚ್ಚಬೇಕು ಅನ್ನೋದಷ್ಟು ನನ್ನಿಂದ ಕೇಳು.

ನನಗ ಕಾಲು ಬಂದಿದ್ದು ಬ್ಯಾಸಗ್ಯಾಗ. ಇಲ್ಲಿ ಬಿಸಿಲು 40 ಡಿಗ್ರಿ ದಾಟಿತ್ತು. ಒಂದಿನ ಮುಂಜಾನೆ ಎಣ್ಣಿ ತಿಕ್ಕಿ, ಬಟ್ಟೀಲೆ ಒರೆಸಿ, ಹಂಗೇ ಕಾಲು ಹಾಕ್ಕೊಂಡು ಸೂಪರ್ ಮಾರ್ಕೆಟ್ಟಿಗೆ ಹೋದೆ. ಎಣ್ಣಿ, ಬೆವರು ಕೂಡಿ ಕೃತಕ ಕಾಲಿನ ಸಾಕೆಟ್ (ಮೋಟು ಕೂಡೋ ಬಟ್ಟಲು) ಒಳಗ ಮೋಟು ಜಾರಿ ಜಾರಿ ಎಲುಬಿನ ಮ್ಯಾಲಿನ ಚರ್ಮ ಸುಲೀತು. ಮೂರು ವಾರ ಕಾಲು ಮೂಲ್ಯಾಗ, ನಾ ಮಂಚದ ಮ್ಯಾಲ. ಆರಾಮ ಅಂತ ಮೊಣಕಾಲ ಕೆಳಗ ದಿಂಬು ಇಟ್ಟಿದ್ದಕ್ಕ ಮೊಣಕಾಲು ಮಡಚಿದಂಗೇ ಬಿಗೀತು. ಅದನ್ನ ಚಾಚಿಸೋದ್ರಾಗ ಫಿಜಿಯೋದವರ ಕೈ ಸೋತವು. ನೀ ದಿಂಬು ಇಡಬ್ಯಾಡ.

ರಾತ್ರಿ ಕಾಲು ತೆಗೆದ ಮ್ಯಾಲ ಸಾಬೂನು ಹಚ್ಚಿ ತೊಳಿ, ಒಣಗಿಸು. ಕೈಗನ್ನಡಿ ಹಿಡಿದು ಹಿಂಭಾಗ ನೋಡು. ಗಾಯ, ಗುಳ್ಳಿ ಇದ್ರ ಎಣ್ಣಿ ಮುಟ್ಟಬ್ಯಾಡ. ಹೊಲಿಗಿ ಪೂರಾ ಮಾಗಿದ್ರ ಆ ಗೆರಿ ಮ್ಯಾಲ ಬೆರಳಿಟ್ಟು ಮೆಲ್ಲಕ ಸರಿಸು, ಚರ್ಮ ಎಲುಬಿಗೆ ಅಂಟಂಗಿಲ್ಲ. ಮುಂಜಾನೆ ಜಿಡ್ಡು ಹೋಗೂ ಹಂಗ ತೊಳೆದೇ ಲೈನರ್ (ಮೋಟಿಗೆ ತೊಡಿಸೋ ಮೆತ್ತನ ಚೀಲ) ಹಾಕು. ನಿನಗ ಶುಗರ್ ಅದ, ಮೋಟಿನ ಚರ್ಮಕ್ಕ ಬಿಸಿ ಸರಿಯಾಗಿ ತಿಳೀದೇ ಇರಬಹುದು. ಎಣ್ಣಿ ಎಷ್ಟು ಕಾದದ ಅಂತ ವೈನಿ ಕೈಲೆ ನೋಡ್ಲಿ. ಅಶ್ವಗಂಧ ಶುರು ಮಾಡೋದಿದ್ರ ಶುಗರ್ ಡಾಕ್ಟರಿಗೆ ಹೇಳಿಯೇ ಮಾಡು, ಅದರಿಂದ ಸಕ್ಕರಿ ಇನ್ನೂ ಇಳೀಬಹುದು. ಶುಗರಿನ ಗುಳಗಿ ಮಾತ್ರ ಬಿಡಬ್ಯಾಡಪಾ, ಕೈ ಮುಗೀತೀನಿ.

ಇಲ್ಲದ ಬೆರಳು ನೋಯ್ತಾವ ಅಂದಿದ್ದೆಲ್ಲ, ಅದು ಹುಚ್ಚಲ್ಲ. ವೈದ್ಯರು ವಾತ ಅಂತಾರ. ಕಾಲು ಹೋದ್ರೂ ಮಿದುಳಿನ್ಯಾಗ ಅದರ ಜಾಗ ಉಳಿದದ ಅಂತಾರ ಡಾಕ್ಟರು. ನನಗ ರಾತ್ರಿ ತಿಕ್ಕಿದಾಗ ಆ ನೋವು ತುಸು ಸುಮ್ಮನಾಗ್ತಿತ್ತು. ಎಣ್ಣಿಯಿಂದನೋ, ಕೈ ಆಡಿಸಿದ್ದರಿಂದನೋ, ಮುಟ್ಟಲಿಕ್ಕೆ ಅಂಜತಿದ್ದ ಆ ಮೋಟು ನನ್ನದೇ ಅನಿಸ್ತು ಅನ್ನೋದು ಖರೆ. ಎರಡೂ ಕಾಲಿನ ನಡುವ ಕನ್ನಡಿ ನಿಲ್ಲಿಸಿ ಇದ್ದ ಕಾಲು ಆಡಿಸು. ಕನ್ನಡ್ಯಾಗ ಹೋದ ಕಾಲೇ ಆಡಿದಂಗ ಕಾಣ್ತದ. ನಮ್ಮ ದೇಶದಾಗ ಹುಟ್ಟಿದ ಡಾ. ವಿ.ಎಸ್. ರಾಮಚಂದ್ರನ್ 1990ರ ದಶಕದಾಗ ತೋರಿಸಿದ ದಾರಿ ಅದು.

ಹೋರಾಟದಾಗ ಕಾಲು ಕಳಕೊಂಡ ವಿಶ್ಪಲೆಗೆ ಅಶ್ವಿನಿ ದೇವತೆಗಳು ಲೋಹದ ಕಾಲು ಕೊಟ್ಟ ಮಾತು ಋಗ್ವೇದದಾಗ ಅದ. ನಮ್ಮ ವೈದ್ಯರು ಅದನ್ನ ಹೇಳಿದ ದಿನ ನಾ ಅತ್ತಿದ್ದೆ. ದೇವತೆಗಳ ವೈದ್ಯರೂ ಮೊದಲು ಕಾಲೇ ಕೊಟ್ಟಾರ ನೋಡು.

ಹೊಸ ಕಾಲು ಮೊದಮೊದಲು ಸ್ವಲ್ಪ ಹೊತ್ತೇ ಹಾಕ್ಕೊ. ತೆಗೆದು 20 ನಿಮಿಷ ಆದ್ರೂ ಕೆಂಪು ಇಳೀದಿದ್ರ ಕಾಲು ಮಾಡಿದವರ ಹತ್ರ ಹೋಗು, ಸಾಕೆಟ್ ತಿದ್ದತಾರ. ಐತವಾರ ನಾ ಹುಮನಾಬಾದ್ ಮ್ಯಾಲಿಂದ ಬಸ್ಸಿಗೆ ಬೀದರಿಗೆ ಬರ್ತೀನಿ, ಉದ್ದನ ಕನ್ನಡಿ ತರ್ತೀನಿ.

ನಿನ್ನ ದೋಸ್ತ