ಪಾವ್ ಒಲೆಯಲ್ಲಿ ಒಣಗಿದ ರಾಡು

ಕಾರವಾರದಲ್ಲಿ ವೆಲ್ಡಿಂಗ್ ಕಲಿಸುವ ನಮ್ಮ ಟ್ರಸ್ಟಿಗೆ ಕಂಪನಿಯೊಂದು ಕೊಟ್ಟ ಅನುದಾನದ ಕೊನೆಯ ಫೈಲು ಕಳೆದ ವಾರ ಮುಗಿಯಿತು. ಆಡಿಟರ್ ಸಹಿ ಹಾಕಿದರು. ಕಂಪನಿಯವರು ಲೆಕ್ಕ ಒಪ್ಪಿದ್ದೇವೆ ಎಂದು ಪತ್ರ ಕಳಿಸಿದರು. ಅದೇ ಸಂಜೆ ಮಾಜಾಳಿಯ ಹುಡುಗನೊಬ್ಬ ಫೋನ್ ಮಾಡಿದ. "ಅಕ್ಕೋರೇ, ಸಿಕ್ಸ್‌ ಜಿ ಪಾಸಾಯ್ತು." ನಾನು ಫೈಲನ್ನು ಕಪಾಟಿಗಿಟ್ಟು ಶೆಡ್ಡಿನಲ್ಲಿದ್ದ ಎಲ್ಲರಿಗೂ ಚಹಾ ತರಿಸಿದೆ.

ಸಿಕ್ಸ್‌ ಜಿ ಎಂದರೆ ಪೈಪ್ ವೆಲ್ಡಿಂಗಿನ ಒಂದು ಪರೀಕ್ಷೆ. ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದು ನಿಲ್ಲಿಸುತ್ತಾರೆ. ಅದನ್ನು ತಿರುಗಿಸುವ ಹಾಗಿಲ್ಲ, ನೀವೇ ಸುತ್ತ ತಿರುಗಬೇಕು. ಒಂದು ಕಡೆ ಬಗ್ಗಿ, ಇನ್ನೊಂದು ಕಡೆ ತಲೆ ಎತ್ತಿ ಬೆಸೆಯಬೇಕು. ಆಮೇಲೆ ಬೆಸುಗೆಯಿಂದ ಪಟ್ಟಿ ಕತ್ತರಿಸಿ ಬಗ್ಗಿಸಿ ನೋಡುತ್ತಾರೆ, ಇಲ್ಲವೇ ಎಕ್ಸ್‌ರೇ ತೆಗೆಯುತ್ತಾರೆ. ದೊಡ್ಡ ಕೆಲಸ ಹಿಡಿದ ಗುತ್ತಿಗೆದಾರರು ವೆಲ್ಡರನ ಊರು, ಜಾತಿ, ಮಾರ್ಕ್ಸ್ ಕೇಳುವುದಿಲ್ಲ. ಟೆಸ್ಟ್ ಪಾಸಾಗಿದ್ದಾನಾ ಎಂದಷ್ಟೇ ಕೇಳುತ್ತಾರೆ. ಒಂದು ಕಡೆ ಸೀಬರ್ಡ್ ನೌಕಾನೆಲೆ, ಇನ್ನೊಂದು ಕಡೆ ಕೈಗಾ ಅಣುಸ್ಥಾವರ ಇಟ್ಟುಕೊಂಡ ಕಾರವಾರದಲ್ಲಿ ಇದು ಸಣ್ಣ ಮಾತಲ್ಲ ಅಲ್ವಾ?

(ನನ್ನನ್ನು ಅಕ್ಕೋರು, ಅಂದರೆ ಟೀಚರ್ ಎನ್ನುತ್ತಾರೆ, ಆದರೆ ನಾನು ಒಂದು ದಿನವೂ ಪಾಠ ಮಾಡಿದವಳಲ್ಲ. ಐಟಿಐ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದೆ. ಈಗ ನಮ್ಮ ಟ್ರಸ್ಟಿನ ಕಾಗದಪತ್ರ ನೋಡಿಕೊಳ್ಳುತ್ತೇನೆ.)

ಇದು ಥ್ಯಾಂಕ್ಸ್ ಹೇಳುವ ಬರಹ. ಮೊದಲು ಕಂಪನಿಯವರಿಗೆ. ಹೆಸರು ಹಾಕಬೇಡಿ ಎಂದು ಅವರೇ ಹೇಳಿದ್ದಾರೆ, ಹಾಕುತ್ತಿಲ್ಲ. ಆರು ವೆಲ್ಡಿಂಗ್ ಸೆಟ್, ಪೈಪು, ಪ್ಲೇಟು, ಮಾಸ್ತರರ ಸಂಬಳ, ಶೆಡ್ಡಿನ ಬಾಡಿಗೆ, ಎಲ್ಲಾ ಮೂರು ವರ್ಷ ನಡೆದದ್ದು ಅವರಿಂದ. ಕೈ ಮುಗಿಯುತ್ತೇನೆ.

ಆದರೆ ಆ ದುಡ್ಡು ನಮ್ಮ ಬಾಗಿಲಿಗೆ ಬರುವ ಮೊದಲೂ ಒಂದು ಕಥೆ ಇದೆ. ಅದರಲ್ಲಿ ಇರುವವರಿಗೆ ಯಾವ ವರದಿಯಲ್ಲೂ ಜಾಗ ಸಿಗಲಿಲ್ಲ.

ಕಂಪನಿ ಕಾಯ್ದೆ 2013ರ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು (ಇದನ್ನೇ ಸಿಎಸ್ಆರ್ ಎನ್ನುತ್ತಾರೆ). ಯಾವ ಯಾವ ಕೆಲಸಕ್ಕೆ ಎಂಬ ಪಟ್ಟಿಯಲ್ಲಿ ಉದ್ಯೋಗಕ್ಕೆ ಬೇಕಾದ ಕೌಶಲ ಕಲಿಸುವುದೂ ಇದೆ. ಒಳ್ಳೆಯದೇ. ಆದರೆ ನಮ್ಮಂಥ ಟ್ರಸ್ಟಿನ ಮೂಲಕ ಆ ಹಣ ಖರ್ಚಾಗಬೇಕಾದರೆ ನಮಗೆ ಆದಾಯ ತೆರಿಗೆ ಕಾಯ್ದೆಯ 12ಎ, 80ಜಿ ನೋಂದಣಿ ಇರಬೇಕಿತ್ತು. 2021ರ ಏಪ್ರಿಲ್‌ನಿಂದ ಸಿಎಸ್ಆರ್-1 ಎಂಬ ನೋಂದಣಿ ಬೇರೆ. ಇವಿಷ್ಟಾದರೂ ಸಾಲದು. ಅದೇ ಥರದ ಕೆಲಸವನ್ನು ಕನಿಷ್ಠ ಮೂರು ವರ್ಷ ಮಾಡಿ ತೋರಿಸಿರಬೇಕು. ಆ ಮೂರು ವರ್ಷ ನಡೆಸಲು ದುಡ್ಡು ಯಾರು ಕೊಡುತ್ತಾರೆ? ನಿಯಮದಲ್ಲಿ ಅದಕ್ಕೆ ಉತ್ತರ ಇಲ್ಲ. ನಮ್ಮ ಊರಲ್ಲಿತ್ತು.

2019ರಲ್ಲಿ ಶಿರವಾಡದ ಕಡೆ ಶೆಡ್ ಹಿಡಿದಾಗ ನಮ್ಮ ಹತ್ತಿರ ಇದ್ದದ್ದು ಒಂದು ಹಳೆಯ ವೆಲ್ಡಿಂಗ್ ಸೆಟ್, ಒಬ್ಬರು ನಿವೃತ್ತ ಮಾಸ್ತರು. ಮರುವರ್ಷ ಕೊರೊನಾ ಬಂತು. ಶೆಡ್ಡಿನ ಯಜಮಾನರು ಏಳು ತಿಂಗಳ ಬಾಡಿಗೆ ಬಿಟ್ಟರು. ಅದನ್ನು ಯಾರಿಗೂ ಹೇಳಬೇಡಿ ಎಂದಿದ್ದರು, ಬೇರೆ ಬಾಡಿಗೆದಾರರೂ ಕೇಳುತ್ತಾರೆಂದು. ಈಗ ಹೇಳಿಬಿಟ್ಟೆ, ಕ್ಷಮಿಸಿ ಮಾಮ.

ಬೈತಖೋಲದ ಬೋಟ್ ಮಾಲೀಕರು ತುಕ್ಕು ಹಿಡಿದ ಪ್ಲೇಟು, ಮುರಿದ ಚೌಕಟ್ಟು ಕೊಟ್ಟರು. ವೆಲ್ಡಿಂಗ್ ಕಲಿಯುವುದೆಂದರೆ ರಾಡು ಸುಡುವುದು, ಕಬ್ಬಿಣ ಹಾಳು ಮಾಡುವುದು. ಹಾಳು ಮಾಡಲು ಕಬ್ಬಿಣ ಬೇಕಲ್ಲ. ಊರಿನ ಯಕ್ಷಗಾನ ಮೇಳದವರು ಸಹಾಯಾರ್ಥ ಆಟ ಆಡಿಕೊಟ್ಟು ತಮ್ಮ ಸಂಭಾವನೆ ಬಿಟ್ಟರು. ಆ ರಾತ್ರಿ ಅಕಾಲದ ಮಳೆ ಬಂದು ಅರ್ಧ ಜನ ಎದ್ದು ಹೋದರು, ಟಿಕೆಟ್ ದುಡ್ಡು ಮಾತ್ರ ಯಾರೂ ವಾಪಸ್ ಕೇಳಲಿಲ್ಲ.

ಮೀನು ಮಾರುವ ಒಬ್ಬ ಅಕ್ಕನ ಬಗ್ಗೆ ಹೇಳಲೇಬೇಕು. ಅವರ ಮಗ ನಮ್ಮ ಮೊದಲ ಬ್ಯಾಚಿನವನು. ಮಗ ಕಲಿತು ಹೋದ ಮೇಲೂ ಪ್ರತಿ ತಿಂಗಳು ಸೆರಗಿನ ಗಂಟು ಬಿಚ್ಚಿ ನೂರು ರೂಪಾಯಿ ಕೊಡುತ್ತಿದ್ದರು. 80ಜಿ ತೆರಿಗೆ ವಿನಾಯಿತಿ ಬೇಕೆಂದರೆ ನಗದು ದಾನ 2,000 ರೂಪಾಯಿ ದಾಟಬಾರದು ಎಂಬ ನಿಯಮವನ್ನು ನಾನು ಎಲ್ಲರಿಗೂ ಹೇಳುತ್ತಿದ್ದೆ, ಅಭ್ಯಾಸಬಲದಿಂದ ಅವರಿಗೂ ಹೇಳಿದೆ. ಅವರು ಸುಮ್ನೆ ನಕ್ಕರು. ರಶೀದಿ ಕೊಟ್ಟರೆ "ಇದನ್ನ ಎಲ್ಲಿಡ್ಲಿ, ಬುಟ್ಟೀಲಿ ಒದ್ದೆಯಾಗ್ತದೆ" ಎಂದು ನನ್ನ ಕೈಗೇ ವಾಪಸ್ ಕೊಡುತ್ತಿದ್ದರು. ಅವರ ರಶೀದಿಗಳೆಲ್ಲ ಇವತ್ತಿಗೂ ನನ್ನ ಡ್ರಾವರಿನಲ್ಲಿವೆ.

ಹೀಗೆ ಮೂರು ವರ್ಷ ದಾಟಿದೆವು. ಅರ್ಜಿ ಹಾಕಲು ಶುರು ಮಾಡಿದಾಗ ಮೊದಲು ಸಿಕ್ಕ ಕಂಪನಿಯ ಅಧಿಕಾರಿ, "ಮಷೀನ್ ಕೊಡ್ತೇವೆ, ಸಂಬಳ ಕೊಡೋದಿಲ್ಲ. ಆಡಳಿತ ವೆಚ್ಚ ಶೇ 5 ದಾಟಬಾರದು" ಎಂದರು. ನಾನು ನಂಬಿಬಿಟ್ಟಿದ್ದೆ. ಮಷೀನಿನ ಮೇಲೆ ಹೆಸರು ಬರೆಸಬಹುದು, ಮಾಸ್ತರರ ಬೆನ್ನ ಮೇಲೆ ಬರೆಸಲಾಗುತ್ತದಾ ಎಂದು ನಮ್ಮ ಆಡಿಟರ್ ನಕ್ಕು, ನಿಯಮದ ಪುಟ ತೆಗೆದು ಮುಂದಿಟ್ಟರು. ಆ ಶೇ 5ರ ಮಿತಿ ಕಂಪನಿ ತನ್ನ ಸಿಎಸ್ಆರ್ ವಿಭಾಗವನ್ನು ನಡೆಸಲು ಮಾಡುವ ಖರ್ಚಿಗೆ. ಯೋಜನೆ ಜಾರಿ ಮಾಡಲು ನೇರವಾಗಿ ಆಗುವ ಖರ್ಚು ಅದರಲ್ಲಿ ಬರುವುದಿಲ್ಲ. ಕಲಿಸುವ ಕೇಂದ್ರದಲ್ಲಿ ಮಾಸ್ತರೇ ಯೋಜನೆ. ಮುಂದಿನ ಕಂಪನಿಗೆ ಹೀಗೇ ಬರೆದೆವು, ಒಪ್ಪಿದರು. ಆಡಿಟರ್ ಸಾಹೇಬರೇ, ನೀವು ಫೀ ತೆಗೆದುಕೊಳ್ಳಲಿಲ್ಲ, ಬೈಯುವುದನ್ನೂ ಬಿಡಲಿಲ್ಲ. ಎರಡಕ್ಕೂ ಥ್ಯಾಂಕ್ಸ್. ಅನುದಾನಕ್ಕೆ ಓಡಾಡುತ್ತಿರುವ ಬೇರೆ ಊರಿನವರಿದ್ದರೆ ಈ ಒಂದು ಪುಟ ಮೊದಲು ಓದಿಕೊಳ್ಳಿ.

ಕಷ್ಟ ಬಂದದ್ದು 2024ರ ಮಳೆಗಾಲದಲ್ಲಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಬೋಟಿಗೆ ಹೋಗುವ ಹುಡುಗರು ಆ 61 ದಿನ ಖಾಲಿ. ಅವರಿಗಾಗಿಯೇ ನಾವು ಮಳೆಗಾಲದ ಬ್ಯಾಚ್ ಇಡುತ್ತೇವೆ. ಆ ಜುಲೈಯಲ್ಲಿ ಬರಬೇಕಿದ್ದ ಎರಡನೇ ಕಂತು ಬರಲಿಲ್ಲ. ಕಂಪನಿಯಲ್ಲಿ ನಮ್ಮ ಫೈಲ್ ನೋಡುತ್ತಿದ್ದವರು ಬದಲಾಗಿದ್ದರು. ನಮ್ಮದೂ ತಪ್ಪಿತ್ತು. ಒಂದು ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ತಪ್ಪಾಗಿ, ದುಡ್ಡು ಹೇಗೆ ಖರ್ಚಾಯಿತೆಂದು ಕೊಡುವ ಬಳಕೆ ಪ್ರಮಾಣಪತ್ರ ವಾಪಸ್ ಬಂತು. ಅದನ್ನು ಸರಿ ಮಾಡಿ ಕಳಿಸಿ ದುಡ್ಡು ಬರುವಷ್ಟರಲ್ಲಿ ನವೆಂಬರ್.

ಅದರ ನಡುವೆ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಅಲ್ಲಿ ಜೀವ ಕಳೆದುಕೊಂಡವರ ಮನೆಯ ದುಃಖದ ಮುಂದೆ ನಮ್ಮದನ್ನು ಕಷ್ಟ ಎನ್ನಲೂ ನಾಚಿಕೆ. ಹೆದ್ದಾರಿ ಬಂದ್ ಆಗಿ ಕುಮಟಾ ಕಡೆಯ ಹುಡುಗರು ಇಲ್ಲೇ ಉಳಿದರು. ಕಾಜುಬಾಗದ ಒಂದು ಮನೆಯವರು ಅವರನ್ನು ಜಗಲಿಯಲ್ಲಿ ಮಲಗಿಸಿಕೊಂಡು, ದಿನವೂ ಗಂಜಿ-ಚಟ್ನಿ ಹಾಕಿದರು. ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಲಾರಿಯೊಂದು ನೀರಿಗೆ ಬಿದ್ದು ಅದರ ಚಾಲಕ ಬದುಕಿ ಬಂದ ಸುದ್ದಿ ನಿಮಗೆ ಗೊತ್ತಿರುತ್ತದೆ. ಬೆಳಿಗ್ಗೆ ನದಿಯಾಚೆ ಸದಾಶಿವಗಡದ ಕಡೆಯವರು ಬರಲಿಲ್ಲ. ಆ ದಿನ ಶೆಡ್ಡಿನಲ್ಲಿ ಇದ್ದದ್ದು ನಾನು, ಮಾಸ್ತರು, ಸೋರುವ ಶೀಟು. ಮುಚ್ಚಿಬಿಡೋಣ ಎಂದೆ. ಮಾಸ್ತರು ಉತ್ತರ ಕೊಡಲಿಲ್ಲ. ಬಕೆಟ್ ತಂದು ಸೋರುವಲ್ಲಿಟ್ಟರು. ಅವರಿಗೆ ಆಗಲೇ ಎರಡು ತಿಂಗಳ ಸಂಬಳ ಬಾಕಿ ಇತ್ತು. ಇನ್ನೂ ಮೂರು ತಿಂಗಳು ಹಾಗೇ ಕಳೆದರು. ಮನೆಯಲ್ಲಿ ಏನು ಹೇಳಿದ್ದರೋ ನಾನು ಕೇಳಿಲ್ಲ. ಮಾಸ್ತರರ ಮನೆಯವರೇ, ಈ ಥ್ಯಾಂಕ್ಸ್ ನಿಮಗೆ.

ಹುಡುಗಿಯರ ಬಸ್ ಖರ್ಚಿಗೆ ಮಾತ್ರ ಚಿಂತೆ ಇರಲಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ಮೂವರು ಸೇರಿದ್ದರು. ಹುಡುಗರ ಚಾರ್ಜು ಅರ್ಜಿಯಲ್ಲಿ ಬರೆಯಲು ನಾನೇ ಮರೆತಿದ್ದೆ. ಮೂವತ್ತು ರೂಪಾಯಿ ಇಲ್ಲದೆ ಕಲಿಕೆ ಬಿಡುವವರಿದ್ದಾರೆ ಎಂಬುದು ಟೇಬಲ್ ಮುಂದೆ ಕೂತಾಗ ಹೊಳೆಯಲಿಲ್ಲ. ಮೊದಲ ಬ್ಯಾಚಿನವರು ಗೋವಾದಿಂದ, ಬೈಂದೂರಿನಿಂದ ದುಡ್ಡು ಹಾಕಿ ಅದನ್ನು ತುಂಬಿದರು.

ಇನ್ನು ಒಲೆ.

ಸಿಕ್ಸ್‌ ಜಿಗೆ ನಾವು ಬಳಸುವುದು 7018 ಎಂಬ ರಾಡು. ಅದು ಥಂಡಿ ತಡೆಯುವುದಿಲ್ಲ. ಕಾರವಾರದ ಮಳೆಗಾಲದಲ್ಲಿ ಪೊಟ್ಟಣ ಒಡೆದಿಟ್ಟರೆ ಸಾಕು, ಗಾಳಿಯ ತೇವ ಎಳೆದುಕೊಳ್ಳುತ್ತದೆ. ಆ ತೇವದಿಂದ ಬೆಸುಗೆಯೊಳಗೆ ತೂತು ಬೀಳುತ್ತವೆ, ಕಣ್ಣಿಗೆ ಕಾಣದ ಬಿರುಕು ಬರುತ್ತದೆ. ಮೇಲಿಂದ ಚೆಂದ ಕಾಣುತ್ತದೆ, ಬಗ್ಗಿಸಿದರೆ ಸೀಳುತ್ತದೆ. ಹಾಗಾಗಿ ರಾಡನ್ನು ನೂರು ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲೇ ಇಟ್ಟಿರಬೇಕು. ಅದಕ್ಕೆಂದೇ ಒವನ್ ಬರುತ್ತದೆ. ನಮ್ಮ ಅರ್ಜಿಯಲ್ಲಿ ಅದೂ ಬಿಟ್ಟುಹೋಗಿತ್ತು. ಒಪ್ಪಿಗೆಯಾದ ಪಟ್ಟಿಯಲ್ಲಿ ಇಲ್ಲದ್ದನ್ನು ಕೊಳ್ಳುವ ಹಾಗಿಲ್ಲ. ಆ ಮಳೆಗಾಲ ಹುಡುಗರು ಒಂದರ ಮೇಲೊಂದು ಫೇಲಾದರು. ತಮ್ಮ ಕೈಯೇ ಸರಿ ಇಲ್ಲ ಎಂದುಕೊಂಡರು.

ಬೇಕರಿ ಮಾಮನ ಅಂಗಡಿಯಲ್ಲಿ ಮಾಸ್ತರು ಇದನ್ನೇ ಹೇಳಿಕೊಂಡು ಚಹಾ ಕುಡಿಯುತ್ತಿದ್ದರಂತೆ. ಮರುದಿನ ರಿಕ್ಷಾದಲ್ಲಿ ಪಾವ್ ಬೇಯಿಸುವ ಹಳೆಯ ಕರೆಂಟ್ ಒಲೆ ಬಂತು. ಮಾಮ ಒಂದೇ ಮಾತು ಹೇಳಿದರು: "ಇನ್ನು ಇದ್ರಲ್ಲಿ ಪಾವ್ ಬೇಯಿಸ್ಬೇಡಿ, ತಮಾ." ಮಾಸ್ತರು ಒಳಗೆ ಜಾಲರಿ ಬೆಸೆದು ರಾಡು ಜೋಡಿಸಿದರು. ಮೊದಲ ಎರಡು ದಿನ ಶೆಡ್ಡಿನಲ್ಲೆಲ್ಲ ಪಾವ್ ವಾಸನೆ. ಹುಡುಗರಿಗೆ ಹಸಿವಾಗಿ ಕೆಲಸ ಕೆಟ್ಟಿತು.

ಮಾಜಾಳಿಯ ಹುಡುಗ ಆ ಫೇಲಾದವರಲ್ಲೊಬ್ಬ. ಆ ಒಲೆಯ ರಾಡಿನಲ್ಲೇ ಮತ್ತೆ ಕಲಿತವನು.

ಮೂರು ವರ್ಷದ ಅನುದಾನ ಮುಗಿದಿದೆ, ಬಾಡಿಗೆ ಮತ್ತೆ ನಮ್ಮ ತಲೆ ಮೇಲೆ. ಹೊಸ ಅರ್ಜಿಯಲ್ಲಿ ಬಸ್ ಚಾರ್ಜು ಮೊದಲ ಸಾಲಿನಲ್ಲೇ ಬರೆದಿದ್ದೇನೆ. ಮಳೆಗಾಲದ ಬ್ಯಾಚಿಗೆ ಹನ್ನೊಂದು ಹೆಸರು ಬಂದಿವೆ. ಒಲೆಯ ಬಾಗಿಲಿನ ಹಿಡಿ ಸಡಿಲಾಗಿದೆ. ಭಾನುವಾರ ಬಂದು ನೋಡುತ್ತೇನೆ ಎಂದಿದ್ದಾರೆ ಮಾಮ. ವೆಲ್ಡಿಂಗ್ ಶೆಡ್ಡಿನಲ್ಲಿ ಹಿಡಿ ಕೂರಿಸಲು ಬೇಕರಿಯವರು ಬರಬೇಕಾ ಎಂದು ಹುಡುಗರು ನಗುತ್ತಿದ್ದಾರೆ. ಬರಲಿ ಬಿಡಿ, ಚಹಾ ಕುಡಿಸಬೇಕು.