ಗಜನಿಯನ್ನು ಗುತ್ತಿಗೆಗೆ ಕೊಡುವ ಮೊದಲು

ಕುಮಟಾ

ಚಿ. ಪ್ರಶಾಂತನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಮ್ಮ ಪಾಲಿನ ಗಜನಿಯನ್ನು, ಅಂದರೆ ಹೊಳೆಯಂಚಿನ ಉಪ್ಪುನೀರಿನ ಗದ್ದೆಯನ್ನು, ವರ್ಷಪೂರ್ತಿ ಶೆಟ್ಲಿ (ಸಿಗಡಿ) ಸಾಕುವವರಿಗೆ ಗುತ್ತಿಗೆ ಕೊಟ್ಟರೆ ಹೇಗೆ ಎಂದು ಮೊನ್ನೆ ಕೇಳಿದೆಯಲ್ಲ, ಫೋನಿನಲ್ಲಿ ಮುಗಿಸುವ ಮಾತಲ್ಲ ಅದು. ಕೊಡಬೇಡ. ಯಾಕೆಂದು ಹೇಳುತ್ತೇನೆ, ಬೇಸರಿಸದೆ ಓದು.

ಗಜನಿಯ ಕಗ್ಗ ಭತ್ತ ಬೆಳೆದು ಯಾರೂ ಶ್ರೀಮಂತರಾಗಿಲ್ಲ. ಕೊಯ್ಲಿಗೆ ಆಳು ಸಿಗುವುದಿಲ್ಲ, ಆ ಕೆಸರಿಗೆ ಯಂತ್ರ ಇಳಿಯುವುದಿಲ್ಲ, ಹಕ್ಕಿ ತಿಂದು ಬಿಟ್ಟದ್ದು ನಮಗೆ. ಆದರೂ ಗೊಬ್ಬರ, ಔಷಧಿ ಏನೂ ಕೇಳದೆ, ಅಘನಾಶಿನಿ ಹೊಳೆ ತಂದು ಹಾಕಿದ ಗೋಡು ಮಣ್ಣಿನಲ್ಲೇ ಬೆಳೆಯುವ ಭತ್ತ ಅದು. ಉಪ್ಪುನೀರು ಸೋಕಿದರೂ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ತಡೆದುಕೊಳ್ಳುತ್ತದೆ. ಪೇಟೆಯಿಂದ ತಂದ ಬೀಜ ಅಲ್ಲಿ ಒಂದು ವಾರ ನಿಲ್ಲಲಿ ನೋಡೋಣ!

ಅಕ್ಕಿ ಅಂಗಡಿಯಲ್ಲಿ ಸಿಗುತ್ತದೆ ಅಂದೆ ನೀನು. ಈಗ ಸಿಗುತ್ತದೆ, ನಿಜ. 2022ರ ಮಾರ್ಚಿನ ಬಿಸಿಲಿಗೆ ಉತ್ತರ ಭಾರತದ ಗೋಧಿ ಕಾಳು ಕಟ್ಟುವ ಹೊತ್ತಿಗೇ ಒಣಗಿತು, ಮೇ ತಿಂಗಳಲ್ಲಿ ಸರ್ಕಾರ ಗೋಧಿ ರಫ್ತು ನಿಲ್ಲಿಸಿತು. ಮರುವರ್ಷ ಜುಲೈನಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ಸರದಿ. ಜಗತ್ತಿನ ಅಕ್ಕಿ ರಫ್ತಿನಲ್ಲಿ ಸುಮಾರು ಶೇ. 40 ನಮ್ಮ ದೇಶದ್ದೇ ಆದ್ದರಿಂದ ಬೇರೆ ದೇಶಗಳಲ್ಲೂ ದರ ಏರಿತು. ಭೂಮಿಯ ಸರಾಸರಿ ಉಷ್ಣತೆ ಒಂದು ಡಿಗ್ರಿ ಏರಿದರೆ ಗೋಧಿಯ ಇಳುವರಿ ಶೇ. 6, ಮೆಕ್ಕೆಜೋಳದ್ದು ಶೇ. 7.4, ಭತ್ತದ್ದು ಶೇ. 3.2 ಕಡಿಮೆಯಾಗುತ್ತದೆಂದು ವಿಜ್ಞಾನಿಗಳು 2017ರಲ್ಲಿ ಅಂದಾಜು ಮಾಡಿದ್ದಾರೆ. ತಳಿ ಸುಧಾರಿಸದೆ, ಬೇಸಾಯದ ಕ್ರಮ ಬದಲಿಸದೆ ಕೂತರೆ ಇಷ್ಟು ಎಂಬ ಷರತ್ತು ಅದಕ್ಕಿದೆ. ನಾನು ಹಿಡಿದುಕೊಂಡಿರುವುದು ಆ ಷರತ್ತನ್ನೇ.

ಯಾಕೆಂದರೆ ಹೊಸ ತಳಿ ಆಕಾಶದಿಂದ ಉದುರುವುದಿಲ್ಲ. ಒಡಿಶಾದ ರೈತರ ಗದ್ದೆಯಲ್ಲಿದ್ದ ಒಂದು ಹಳೇ ಭತ್ತಕ್ಕೆ ನೆರೆಯಲ್ಲಿ ಮುಳುಗಿಯೂ ಬದುಕುವ ಗುಣವಿತ್ತು. ಅದಕ್ಕೆ ಕಾರಣವಾದ ವಂಶವಾಹಿಯನ್ನು 2006ರಲ್ಲಿ ಗುರುತಿಸಿದರು. ಅದನ್ನು ಸ್ವರ್ಣ ತಳಿಗೆ ಸೇರಿಸಿ 2009ರಲ್ಲಿ ನಮ್ಮ ದೇಶದ ರೈತರಿಗೆ ಕೊಟ್ಟರು. ಎರಡು ವಾರ ನೀರಡಿ ಇದ್ದರೂ ಮತ್ತೆ ಚಿಗುರುತ್ತದೆ. ಉಪ್ಪು ತಡೆಯುವ ಗುಣಕ್ಕೆ ಕೇರಳದ ಪೊಕ್ಕಾಳಿ ಹೀಗೇ ಒದಗಿತು. ಸಮುದ್ರ ಏರಿ ವಿಯೆಟ್ನಾಮಿನ ಮೆಕಾಂಗ್ ಮುಖಜ ಭೂಮಿಯ ಗದ್ದೆಗಳಿಗೂ ಉಪ್ಪು ನುಗ್ಗುತ್ತಿರುವ ಈ ಕಾಲದಲ್ಲಿ ನಮ್ಮ ಕಗ್ಗ ಯಾರ ಕೆಲಸಕ್ಕೆ ಬಂದೀತೋ. ಮಾಣಿಕಟ್ಟೆಯ ಸುತ್ತ ಈಗ ಅದನ್ನು ಬಿತ್ತುವವರು ಕೆಲವರೇ. ಬೀಜವನ್ನು ಶೀತಲ ಕೋಣೆಯಲ್ಲಿ ಇಡುತ್ತಾರಲ್ಲ ಅನ್ನುತ್ತೀಯಾ? ಇಡಲಿ, ಒಳ್ಳೆಯದೇ. ಆದರೆ ವರ್ಷವರ್ಷ ನೀರು, ಉಪ್ಪು, ಹುಳದ ಜೊತೆ ಗುದ್ದಾಡಿ ಹದವಾಗುವುದು ಗದ್ದೆಯಲ್ಲಿ ಮಾತ್ರ.

ಇನ್ನೊಂದು ವಿಷಯ, ನೀನು ಯೋಚಿಸಿರಲಿಕ್ಕಿಲ್ಲ. ಎಲ್ಲರ ಗಜನಿಗೂ ಸೇರಿ ಕಟ್ಟೆ ಒಂದೇ. ಮಳೆಗಾಲದಲ್ಲಿ ಬಾಗಿಲಿನ ಹಲಗೆ ಹಾಕಿ ಉಬ್ಬರ ತಡೆದರೆ, ಮಳೆನೀರು ಮಣ್ಣಿನ ಉಪ್ಪು ತೊಳೆಯುತ್ತದೆ, ಆಮೇಲೆ ಬಿತ್ತನೆ. ಶೆಟ್ಲಿಗೆ ಉಪ್ಪುನೀರು ಒಳಗೇ ನಿಲ್ಲಬೇಕು. ನಾವು ನಿಲ್ಲಿಸಿಕೊಂಡರೆ ಪಕ್ಕದವರ ಭತ್ತವೂ ಸತ್ತಂತೆ. ತೊಂಬತ್ತರ ದಶಕದಲ್ಲಿ ಬಿಳಿಚುಕ್ಕೆ ರೋಗ ಬಂದು ಕರಾವಳಿಯ ಎಷ್ಟೋ ಶೆಟ್ಲಿ ಕೆರೆಗಳು ಖಾಲಿಯಾದವು. ಸಾಲ ಉಳಿಯಿತು, ಭತ್ತ ಹಿಂದೆ ಬರಲಿಲ್ಲ.

ಶೆಟ್ಲಿಯೇ ಬೇಡ ಎನ್ನುತ್ತಿಲ್ಲ, ನನಗೂ ಅದರ ಸುಕ್ಕ ಇಷ್ಟ. ತೆನೆ ಕೊಯ್ದ ಮೇಲೆ ಹುಲ್ಲು ನೀರಿನಲ್ಲಿ ಕೊಳೆತು ಮೀನಿಗೆ, ಶೆಟ್ಲಿಗೆ ಮೇವಾಗುತ್ತದೆ. ಬೇಸಿಗೆ ಮುಗಿಯುವವರೆಗೆ ಹಿಡಿಯಲಿ, ಆ ಗುತ್ತಿಗೆ ಹಣ ನೀನೇ ಇಟ್ಟುಕೊ. ಭತ್ತದ ತಿಂಗಳುಗಳನ್ನು ಮಾತ್ರ ಬಿಟ್ಟುಕೊಡಬೇಡ.

ಮೇ ತಿಂಗಳಲ್ಲಿ ಕಟ್ಟೆಗೆ ಮಣ್ಣು ಹಾಕುವ ಕೆಲಸವಿದೆ, ಎರಡು ದಿನ ರಜೆ ಹಾಕಿ ಬಾ. ಬೀಜ ನನ್ನ ಹತ್ತಿರ ಇದೆ. ಗುತ್ತಿಗೆಯವರಿಗೆ ದೀಪಾವಳಿ ಕಳೆಯಲಿ, ಆಮೇಲೆ ಮಾತಾಡೋಣ ಎಂದು ಹೇಳು.

ಇತಿ,
ನಿನ್ನ ದೊಡ್ಡಪ್ಪ