ಆಟಿಯಲ್ಲಿ ಉಬ್ಬುವ ಮರಕ್ಕೆ ಎಲ್ಲಿಯದೋ ಸಲಹೆ ಯಾಕೆ?

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಮನೆಯಲ್ಲೇ ಮರಗೆಲಸ ಮಾಡುವುದು ಹೇಗೆ ಅಂತ ಒಂದು ಇಡೀ ಪುಟ ಹಾಕಿದ್ದೀರಿ. ಖುಷಿಯಾಯಿತು. ನಾನು ಬದಿಯಡ್ಕದ ಹತ್ತಿರ ಅಡಿಕೆ ತೋಟ ನೋಡಿಕೊಂಡು ಇರುವವಳು. ದನ ಮಾರಿದ ಮೇಲೆ ಖಾಲಿ ಬಿದ್ದ ಕೊಟ್ಟಿಗೆಯಲ್ಲಿ ಆರು ವರ್ಷದಿಂದ ಉಳಿ, ಕೀಸುಳಿ ಹಿಡಿದು ಏನಾದರೊಂದು ಮಾಡುತ್ತಿರುತ್ತೇನೆ. ಹಾಗಾಗಿ ಆ ಪುಟವನ್ನು ಎರಡು ಸಲ ಓದಿದೆ. ಎರಡನೇ ಸಲ ಸ್ವಲ್ಪ ಸಿಟ್ಟೇ ಬಂತು. ಪೈನ್ ಹಲಗೆ ತನ್ನಿ, ಟೇಬಲ್ ಸಾ (ಕರೆಂಟಿನಲ್ಲಿ ಓಡುವ ಮೇಜಿನ ಗರಗಸ) ತನ್ನಿ, ಅಂಟು ಹಚ್ಚಿ ಸ್ಕ್ರೂ ಬಿಗಿದರೆ ಆಯಿತು ಅಂತ ಬರೆದಿದ್ದಾರೆ. ನಮ್ಮ ಕಡೆ ಪೈನ್ ಅಂದರೆ ಮೋಟರು ಗೀಟರು ತುಂಬಿಸಿಕೊಂಡು ಬಂದ ಪೆಟ್ಟಿಗೆಯ ಹಲಗೆ, ಅಷ್ಟೇ. ಇನ್ನು ಮಳೆಯ ಬಗ್ಗೆ ಒಂದು ಸಾಲೂ ಇಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಕಾಸರಗೋಡಿನಲ್ಲಿ ಮಳೆಯ ಸುದ್ದಿ ಎತ್ತದೆ ಮರಗೆಲಸ ಹೇಳಿಕೊಡುವುದು ಹೇಗೆ ಅಂತ ನನಗೆ ಗೊತ್ತಾಗಲಿಲ್ಲ.

ನಾನು ಮೊದಲು ಮಾಡಿದ್ದು ಒಂದು ಹಲಸಿನ ಮೇಜು. ಮಾರ್ಚ್ ತಿಂಗಳಲ್ಲಿ, ನೀವು ಹಾಕಿದಂಥದ್ದೇ ಒಂದು ಲೇಖನ ನೋಡಿಕೊಂಡು, ಮೇಲಿನ ಹಲಗೆಗೆ ಸುತ್ತಲೂ ಎಂಟು ಸ್ಕ್ರೂ ಬಿಗಿದಿದ್ದೆ. ಆಟಿ ತಿಂಗಳಲ್ಲಿ (ತುಳು ಲೆಕ್ಕದಲ್ಲಿ ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳು) ಹಲಗೆ ನಡುವೆ ಉಬ್ಬಿತು, ಲೋಟ ಇಟ್ಟರೆ ಓರೆ ನಿಲ್ಲುತ್ತಿತ್ತು. ಮುಂದಿನ ಫೆಬ್ರವರಿಯಲ್ಲಿ ಒಂದು ರಾತ್ರಿ ಟಪ್ ಅಂತ ಸದ್ದು ಬಂತು, ಬೆಳಿಗ್ಗೆ ನೋಡಿದರೆ ಈ ತುದಿಯಿಂದ ಆ ತುದಿಗೆ ಸೀಳು. ಮಾಡಿನ ಕೆಲಸಕ್ಕೆ ಬಂದಿದ್ದ ಆಚಾರಿ ಅದನ್ನು ನೋಡಿ ನಕ್ಕರು. "ಅಕ್ಕಾ, ಆಟಿಯಲ್ಲಿ ಉಬ್ಬುವ ಮರ ಇದು, ಹೀಗೆ ಕಟ್ಟಿ ಹಾಕಿದ್ರೆ ಕೇಳ್ತದಾ?" ಅಂತ ಕೇಳಿದರು. ಮತ್ತೆ ನಮ್ಮದೇ ಮನೆಯ ಹಳೇ ಬಾಗಿಲು ತೋರಿಸಿದರು. ಅದರ ನಡುವಿನ ಹಲಗೆಗೆ ಅಂಟೂ ಇಲ್ಲ, ಮೊಳೆಯೂ ಇಲ್ಲ, ಚೌಕಟ್ಟಿನ ಒಳಬದಿಗೆ ಉದ್ದಕ್ಕೆ ಕೊರೆದ ಸೀಳಿನೊಳಗೆ ಸುಮ್ನೆ ಕೂತಿದೆ. ಬೇಕಾದಾಗ ಹಿಗ್ಗುತ್ತದೆ, ಬೇಕಾದಾಗ ಕುಗ್ಗುತ್ತದೆ. ನಲವತ್ತು ವರ್ಷ ಆ ಬಾಗಿಲು ತೆರೆದು ಮುಚ್ಚಿದ್ದೇನೆ, ಒಮ್ಮೆಯೂ ಅದನ್ನು ಗಮನಿಸಿರಲಿಲ್ಲ.

ವಿಷಯ ಇಷ್ಟೇ. ಮರ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕೇ ಇಲ್ಲ, ಹಿಗ್ಗುವುದೆಲ್ಲ ಅಗಲಕ್ಕೆ. ನಾನು ಒಂದು ಅಡಿ ಅಗಲದ ಹಲಗೆಯನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟು ಏಪ್ರಿಲಿನಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ ಅಳೆದೆ. ಹೆಚ್ಚುಕಡಿಮೆ ಒಂದು ನೂಲು ವ್ಯತ್ಯಾಸ ಬಂತು (ಆಚಾರಿಗಳ ಲೆಕ್ಕದಲ್ಲಿ ಎಂಟು ನೂಲಿಗೆ ಒಂದು ಇಂಚು). ಒಂದು ನೂಲು ಅಂದರೆ ಕಡಿಮೆ ಅನಿಸಬಹುದು, ಆದರೆ ಡ್ರಾವರ್ ಸಿಕ್ಕಿಹಾಕಿಕೊಳ್ಳುವುದಕ್ಕೆ ಅಷ್ಟು ಧಾರಾಳ ಸಾಕು. ಈಗ ನಾನು ಮೇಜಿನ ಹಲಗೆಗೆ ನಡುವಿನ ಸ್ಕ್ರೂಗಳನ್ನು ಮಾತ್ರ ಬಿಗಿಯಾಗಿ ಹಾಕುತ್ತೇನೆ. ಅಂಚಿನವಕ್ಕೆ ಅಡಿಯ ಚೌಕಟ್ಟಿನಲ್ಲಿ ಉದ್ದುದ್ದ ತೂತು, ಹಲಗೆ ಹಿಗ್ಗುವ ದಿಕ್ಕಿಗೆ. ಬೇಸಗೆಯಲ್ಲಿ ಡ್ರಾವರ್ ಮಾಡಿದರೆ ಮೇಲೆ ಒಂದು ನೂಲು ಸಂದು ಬಿಡುತ್ತೇನೆ, ಜಡಿಮಳೆಯ ಕಾಲದಲ್ಲಿ ಮಾಡಿದರೆ ಒತ್ತಾಗಿಯೇ ಕೂರಿಸುತ್ತೇನೆ.

ಮರ ಒಣಗಿದೆಯೋ ಇಲ್ಲವೋ ಅಂತ ನೋಡಲು ಮೀಟರ್ ಕೊಳ್ಳಿ ಅಂತ ಪುರವಣಿಯಲ್ಲಿತ್ತು. ಬೇಡ. ನಮ್ಮಲ್ಲಿ ಅಡಿಕೆ ತೂಗುವ ತಕ್ಕಡಿ ಇಲ್ಲದ ಮನೆ ಇದೆಯಾ? ಮಿಲ್ಲಿನಿಂದ ತಂದ ಹಲಗೆಗಳ ನಡುವೆ ರೀಪಿನ ತುಂಡು ಇಟ್ಟು, ನೆರಳಿನಲ್ಲಿ, ಗಾಳಿಯಾಡುವ ಕಡೆ ಅಟ್ಟಿ ಹಾಕಿ. ತುದಿಗಳಿಗೆ ಹಳೇ ಪೈಂಟ್ ಬಳಿಯಿರಿ, ಇಲ್ಲದಿದ್ದರೆ ಅಲ್ಲಿಂದಲೇ ಬೇಗ ಒಣಗಿ ಬಿರುಕು ಬಿಡುತ್ತದೆ. ಒಂದು ಹಲಗೆಯನ್ನು ಗುರುತು ಮಾಡಿಟ್ಟು ತಿಂಗಳಿಗೊಮ್ಮೆ ತೂಗಿ, ತೂಕ ಇಳಿಯುವುದು ನಿಂತಾಗ ಅದು ಒಣಗಿತು ಅಂತ ಲೆಕ್ಕ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅಂತ ಹಳಬರು ಹೇಳುವುದು ಸುಮಾರಾಗಿ ಸರಿಯೇ ಇದೆ. ಹಲಸಿನಲ್ಲಿ ಹಳದಿ ಚೇಗು, ಅಂದರೆ ನಡುವಿನ ಗಟ್ಟಿ ಭಾಗ ಮಾತ್ರ ಬಳಸಿ. ಹೊರಗಿನ ಬಿಳಿ ಭಾಗಕ್ಕೆ ಕುಟ್ಟೆ (ಮರ ಕೊರೆದು ಪುಡಿ ಮಾಡುವ ಹುಳ) ಹಿಡಿಯದೆ ಇರುವುದಿಲ್ಲ. ರಬ್ಬರ್ ಮರವಂತೂ ಔಷಧಿ ಹಾಕದೆ ತಂದರೆ ಹುಳಕ್ಕೆ ಹಬ್ಬ. ಅಮಾವಾಸ್ಯೆಯ ಹತ್ತಿರ ಕಡಿದ ಮರಕ್ಕೆ ಕುಟ್ಟೆ ಹಿಡಿಯುವುದಿಲ್ಲ ಅಂತ ನಮ್ಮ ಮಾವ ಹೇಳುತ್ತಿದ್ದರು. ನನಗೆ ನಂಬಿಕೆ ಇಲ್ಲ, ಆದರೂ ಅಮಾವಾಸ್ಯೆ ನೋಡಿಯೇ ಕಡಿಸುತ್ತೇನೆ!

ಕರೆಂಟಿನ ಮಾತು. ಜೂನ್ ಬಂತೆಂದರೆ ನಮ್ಮಲ್ಲಿ ಕರೆಂಟು ಇದ್ದರೆ ಇತ್ತು. ಹಾಗಾಗಿ ಕೈ ಉಪಕರಣವೇ ಮೇಲು: ಒಂದು ಗರಗಸ, ಅರ್ಧ ಇಂಚು ಮತ್ತು ಒಂದು ಇಂಚಿನ ಉಳಿ, ಒಂದು ಕೀಸುಳಿ, ಕೊಡತಿ, ಮೂಲೆಮಟ್ಟ. ಮತ್ತೆ ಒಳ್ಳೆಯ ಸಾಣೆಕಲ್ಲು, ಅದಕ್ಕೆ ಮಾತ್ರ ದುಡ್ಡು ಉಳಿಸಲು ಹೋಗಬೇಡಿ. ಹರಿತವಿಲ್ಲದ ಉಳಿಯನ್ನು ಜೋರಾಗಿ ತಳ್ಳಿದಾಗಲೇ ಅದು ಜಾರಿ ಕೈಗೆ ಬರುವುದು, ನನ್ನ ಎಡಗೈ ಹೆಬ್ಬೆರಳಿನಲ್ಲಿ ನಾಲ್ಕು ಹೊಲಿಗೆ ಇದೆ. ಮಳೆಗಾಲದಲ್ಲಿ ಕೆಲಸ ಮುಗಿದ ಕೂಡಲೇ ತೆಂಗಿನೆಣ್ಣೆಯ ಬಟ್ಟೆಯಲ್ಲಿ ಉಳಿಗಳನ್ನು ಒರಸಿಡಿ. ಒಂದು ರಾತ್ರಿ ಮರೆತರೆ ಸಾಕು, ಬೆಳಿಗ್ಗೆ ಕೆಂಪಗೆ ತುಕ್ಕು. ಅಂದಹಾಗೆ ಕಾಸರಗೋಡು ಪೇಟೆಯ ಅಂಗಡಿಯಲ್ಲಿ ಕೀಸುಳಿ ಅಂದರೆ ಮುಖ ನೋಡುತ್ತಾರೆ, ಮಲಯಾಳದಲ್ಲಿ ಚಿಂತೇರು ಅನ್ನಬೇಕು. ಉಳಿ ಮಾತ್ರ ಎರಡು ಭಾಷೆಗೂ ಉಳಿಯೇ.

ಪಾಲಿಶಿನ ಬಗ್ಗೆಯೂ ಸ್ವಲ್ಪ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶನ್ನು ಮಳೆಗಾಲದಲ್ಲಿ ಹಚ್ಚಿದರೆ ಗಾಳಿಯ ತೇವ ಕೂತು ಬೆಳ್ಳಗೆ ಮಂಜು ಕವಿದ ಹಾಗೆ ಆಗುತ್ತದೆ, ಆ ಕೆಲಸ ಡಿಸೆಂಬರಿನ ನಂತರಕ್ಕೆ ಇಟ್ಟುಕೊಳ್ಳಿ. ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಬಿಸಿಯೇರಿ ಬೆಂಕಿ ಹತ್ತಬಹುದು. ಹಗ್ಗದ ಮೇಲೆ ಹರವಿ ಒಣಗಿಸಿ. ಕಂಬಕ್ಕೆ, ಬೇಲಿಯ ಗೂಟಕ್ಕೆ ಒರಲೆ ಬಾರದ ಹಾಗೆ ಗೇರುಸಿಪ್ಪೆಯ ಎಣ್ಣೆ ಬಳಿಯುವವರಿದ್ದಾರೆ. ಕೆಲಸ ಮಾಡುತ್ತದೆ, ಆದರೆ ಕೈಗೆ ತಾಗಿದರೆ ಚರ್ಮ ಸುಟ್ಟು ಸುಲಿಯುತ್ತದೆ.

ಇನ್ನು ಏನು ಮಾಡುವುದು? ಪುರವಣಿಯಲ್ಲಿ ವೈನ್ ಬಾಟಲಿ ಇಡುವ ಸ್ಟ್ಯಾಂಡ್ ಕಲಿಸಿದ್ದರು. ನಮ್ಮ ಮನೆಗೆ ಅದು ಯಾಕೆ? ತೆಂಗಿನ ಗೆರಟೆಗೆ ಎದುರುಬದುರು ಎರಡು ತೂತು ಕೊರೆದು ಅಡಿಕೆ ಮರದ ಹಿಡಿ ತೂರಿಸಿದರೆ ಸೌಟು ಆಯಿತು, ಒಂದು ಮಧ್ಯಾಹ್ನದ ಕೆಲಸ. ಅಡಿಕೆ ಮರದ ಸಿಬಿರು ಬೆರಳಿಗೆ ಹೊಕ್ಕರೆ ಒಂದು ವಾರ ನೋವು, ಆದ್ದರಿಂದ ಹಿಡಿಯನ್ನು ಚೆನ್ನಾಗಿ ಉಜ್ಜಿ.

ನನಗೆ ತುಂಬಾ ಇಷ್ಟವಾದದ್ದು ಚೆನ್ನೆಮಣೆ, ಗುಳಿಗಳಿಗೆ ಕಾಯಿ ಹಾಕಿ ಇಬ್ಬರು ಆಡುವ ಮಣೆ. ಎರಡು ಅಡಿ ಉದ್ದ, ಎಂಟು ಇಂಚು ಅಗಲ, ಎರಡು ಇಂಚು ದಪ್ಪದ ಹಲಸಿನ ತುಂಡು ಸಾಕು. ಎರಡು ಸಾಲು, ಸಾಲಿಗೆ ಏಳರಂತೆ 14 ಗುಳಿ. ಒಂದೊಂದು ಗುಳಿಯ ನಡುವಿನಿಂದ ಇನ್ನೊಂದರ ನಡುವಿಗೆ ಮೂರು ಇಂಚು, ಗುಳಿಯ ಬಾಯಿ ಎರಡೂವರೆ ಇಂಚು, ಆಳ ಮುಕ್ಕಾಲು ಇಂಚು. ದುಂಡು ಬಾಯಿಯ ಉಳಿಯಲ್ಲಿ ಅಂಚಿನಿಂದ ನಡುವಿಗೆ ಕೆತ್ತುತ್ತಾ ಹೋಗಬೇಕು, ನಡುವಿನಿಂದ ಅಂಚಿಗೆ ಹೋದರೆ ತುಟಿ ಕಿತ್ತು ಬರುತ್ತದೆ. ಹದಿನಾಲ್ಕೂ ಒಂದೇ ಆಕಾರಕ್ಕೆ ಬರುವುದಿಲ್ಲ ಅಂತ ಬಹಳ ದಿನ ಒದ್ದಾಡಿದೆ. ಕೊನೆಗೆ ಮಗನ ಟೆನಿಸ್ ಚೆಂಡಿಗೆ ಮರಳು ಕಾಗದ ಸುತ್ತಿ ತಿರುಗಿಸಿದೆ, ಮೊದಲು 80 ನಂಬರ್, ಮತ್ತೆ 120, ಕೊನೆಗೆ 220. ಎಷ್ಟು ನುಣ್ಣಗೆ ಬಂತೆಂದರೆ ಮಂಜೊಟ್ಟಿ ಕಾಯಿ (ಆಟಕ್ಕೆ ಬಳಸುವ ಕೆಂಪು ಬೀಜ) ತಾನಾಗಿ ನಡುವಿಗೆ ಉರುಳುತ್ತದೆ. ಗುಳಿಗೆ ನಾಲ್ಕರ ಹಾಗೆ 56 ಕಾಯಿ ಬೇಕು. ಹಲಸಿನ ಹಳದಿ ಬಣ್ಣ ಒಂದೆರಡು ವರ್ಷದಲ್ಲಿ ಕಂದಾಗುತ್ತದೆ, ಅದಕ್ಕೆ ಬಣ್ಣ ಗಿಣ್ಣ ಬೇಡ. ಅಕ್ಕತಂಗಿಯರು ಚೆನ್ನೆ ಆಡಬಾರದು ಅಂತ ಚೆನ್ನೆ ಆಡುತ್ತಾ ಜಗಳವಾಗಿ ಸತ್ತ ಅವಳಿ ಅಕ್ಕತಂಗಿ ಅಬ್ಬಗ ದಾರಗರ ಕತೆ ಹೇಳಿ ನಮ್ಮನ್ನು ಹೆದರಿಸುತ್ತಿದ್ದರಲ್ವಾ, ಈಗ ನನ್ನ ತಂಗಿ ಬಂದಾಗಲೆಲ್ಲ ನಾವಿಬ್ಬರೂ ಆಡಿಯೇ ಊಟಕ್ಕೆ ಏಳುವುದು.

ಮಳೆ ಶುರುವಾಗುವ ಮೊದಲು ಇಂಥದ್ದೊಂದು ಪುಟವನ್ನು ಇಲ್ಲಿಯ ಆಚಾರಿಗಳನ್ನೇ ಕೇಳಿ ಹಾಕಿ. ಅಳತೆ ಮಾತ್ರ ಇಂಚು, ಅಡಿಯಲ್ಲೇ ಇರಲಿ. ಪುರವಣಿಯಲ್ಲಿದ್ದ ಸೆಂಟಿಮೀಟರ್ ಲೆಕ್ಕವನ್ನು ಮಿಲ್ಲಿನಲ್ಲಿ ಹೇಳಿದಾಗ ಅವರು ಗರಗಸ ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು.

ಇತಿ,
ಬದಿಯಡ್ಕ ಕಡೆಯ ಓದುಗಾರ್ತಿ